ಕಪಾಟು ತುಂಬಿತು, ದಫ್ತರ ಎಲ್ಲಿ?
ಹಳೆಯ ವೈಜ್ಞಾನಿಕ ಉಪಕರಣಗಳ ಸಂಗ್ರಾಹಕರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಊರೂರುಗಳಲ್ಲಿ ಹಳೆಯ ವೈಜ್ಞಾನಿಕ ಉಪಕರಣಗಳನ್ನು ಹುಡುಕಿ, ಕೊಂಡು, ಜೋಪಾನ ಮಾಡುತ್ತಿರುವ ಗೆಳೆಯ ಗೆಳತಿಯರಿಗೆ,



ಬೆಂಗಳೂರಿನ ಸಂಡೇ ಬಜಾರಿನಲ್ಲಿ ಬೆಳಕು ಹರಿಯುವ ಮುಂಚೆಯೇ ಟಾರ್ಚ್ ಹಿಡಿದು ತಿರುಗುವವರು ನೀವು. ಯಾವುದೋ ಕಾಲೇಜಿನ ಪ್ರಯೋಗಾಲಯದ ಹಳೆಯ ಸಾಮಾನು ಹರಾಜಿಗೆ ಬರುತ್ತದೆ ಎಂದು ಸುಳಿವು ಸಿಕ್ಕರೆ ರಜೆ ಹಾಕಿ ಬಸ್ಸು ಹತ್ತುವವರು ನೀವು. ಥಿಯೊಡೊಲೈಟ್, ಸೆಕ್ಸ್‌ಟೆಂಟ್, ಟ್ಯಾಂಜೆಂಟ್ ಗ್ಯಾಲ್ವನೋಮೀಟರ್, ಪೋಸ್ಟ್ ಆಫೀಸ್ ಬಾಕ್ಸ್, ಹಿತ್ತಾಳೆಯ ಸೂಕ್ಷ್ಮದರ್ಶಕ, ಸ್ಲೈಡ್ ರೂಲ್, ಪಾದರಸದ ಬ್ಯಾರೋಮೀಟರ್, ವಿಮ್ಸ್‌ಹರ್ಸ್ಟ್ ಯಂತ್ರ: ಇವುಗಳಲ್ಲಿ ಒಂದೆರಡಾದರೂ ನಿಮ್ಮ ಕಪಾಟಿನಲ್ಲೋ ಮಂಚದ ಕೆಳಗೋ ಇದ್ದೇ ಇರುತ್ತವೆ. ‘ಈ ಗುಜರಿಯನ್ನೆಲ್ಲ ಯಾಕೆ ಹೊತ್ತು ತರುತ್ತೀರಿ’ ಎಂಬ ಮಾತನ್ನು ಮನೆಯಲ್ಲಿ ಕೇಳಿಸಿಕೊಂಡಿದ್ದೀರಿ, ಕೇಳಿಸದವರಂತೆ ಇದ್ದೀರಿ. ನಾನೂ ನಿಮ್ಮ ಸಾಲಿನವನೇ. ಆದ್ದರಿಂದ ಈ ಪತ್ರದಲ್ಲಿ ನಿಮ್ಮನ್ನು ಹೊಗಳುವ ಕೆಲಸ ಹೆಚ್ಚಿಲ್ಲ, ಕೇಳುವುದು ಇದೆ.

ನಾವೊಂದು ಸಂಘ ಕಟ್ಟಬೇಕು ಎಂಬ ಮಾತು ಇಬ್ಬರು ಸಂಗ್ರಾಹಕರು ಸೇರಿದಲ್ಲೆಲ್ಲ ಬರುತ್ತದೆ. ಮಾತು ಬಂದ ಕೂಡಲೇ ಪ್ರದರ್ಶನ ಎಲ್ಲಿ, ಗಾಜಿನ ಪೆಟ್ಟಿಗೆ ಯಾರು ಮಾಡಿಸುವುದು, ಉದ್ಘಾಟನೆಗೆ ಯಾರನ್ನು ಕರೆಯುವುದು ಎಂಬಲ್ಲಿಗೆ ಹೊರಳಿಬಿಡುತ್ತದೆ. ನನ್ನ ಕೋರಿಕೆ ಬೇರೆ. ಸಂಘ ಕಟ್ಟೋಣ. ಆದರೆ ಅದರ ಮೊದಲ ಆಸ್ತಿ ಒಂದು ದಫ್ತರವಾಗಲಿ. ಯಾವ ಉಪಕರಣ, ಯಾರು ಮಾಡಿದ್ದು, ಎಲ್ಲಿ ಬಳಸಿದ್ದು, ಯಾರ ಕೈಯಿಂದ ಯಾರ ಕೈಗೆ ಬಂದದ್ದು, ಎಲ್ಲಿ ಮುರಿದು ಯಾರು ರಿಪೇರಿ ಮಾಡಿದ್ದು ಎಂದು ಬರೆದಿಟ್ಟ ದಫ್ತರ. ಪಹಣಿ ಇಲ್ಲದ ಜಮೀನು ಎಷ್ಟು ಫಲವತ್ತಾಗಿದ್ದರೇನು? ನಮ್ಮ ಕಪಾಟುಗಳ ಸ್ಥಿತಿ ಇವತ್ತು ಹಾಗೇ ಇದೆ.

ಬೇರೆ ಕಡೆಯವರು ಏನು ಮಾಡಿದರು ಎಂದು ಮೊದಲು ನೋಡೋಣ. ಇಂಗ್ಲೆಂಡಿನಲ್ಲಿ 1983ರಲ್ಲಿ ಸೈಂಟಿಫಿಕ್ ಇನ್‌ಸ್ಟ್ರುಮೆಂಟ್ ಸೊಸೈಟಿ ಹುಟ್ಟಿತು. ಸಂಗ್ರಾಹಕರು, ಹಳೆಯ ಉಪಕರಣಗಳ ವ್ಯಾಪಾರಿಗಳು, ಮ್ಯೂಸಿಯಂ ಕ್ಯುರೇಟರುಗಳು, ವಿಜ್ಞಾನದ ಇತಿಹಾಸಕಾರರು, ಹೀಗೆ ಒಬ್ಬರನ್ನೊಬ್ಬರು ಸ್ವಲ್ಪ ಅನುಮಾನದಿಂದಲೇ ನೋಡುವ ಜನ ಅದರಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತರು. ಕೂತು ಮಾಡಿದ ಮುಖ್ಯ ಕೆಲಸ, ಬುಲೆಟಿನ್ ಎಂಬ ಪತ್ರಿಕೆ. ಯಾರದೋ ಮನೆಯ ಒಂದು ಸೂರ್ಯಗಡಿಯಾರ, ಇನ್ಯಾರಿಗೋ ಸಿಕ್ಕ ಹೆಸರಿಲ್ಲದ ಸೂಕ್ಷ್ಮದರ್ಶಕ, ಮತ್ತೊಬ್ಬರ ಬಳಿಯ ತಯಾರಕರ ಬೆಲೆಪಟ್ಟಿ, ಎಲ್ಲವೂ ಅಲ್ಲಿ ಲೇಖನವಾದವು. ಅಮೆರಿಕದಲ್ಲಿ ಸ್ಲೈಡ್ ರೂಲ್ ಪ್ರಿಯರು 1991ರಲ್ಲಿ ಆಟ್ರೆಡ್ ಸೊಸೈಟಿ ಕಟ್ಟಿಕೊಂಡರು. ಸ್ಲೈಡ್ ರೂಲನ್ನು ಮೊದಲು ರೂಪಿಸಿದ 17ನೇ ಶತಮಾನದ ಗಣಿತಜ್ಞ ವಿಲಿಯಂ ಆಟ್ರೆಡ್ ಹೆಸರಿನ ಸಂಘ ಅದು. ಅವರೂ ಪತ್ರಿಕೆ ತಂದರು. ಕ್ಯಾಲ್ಕುಲೇಟರ್ ಬಂದ ಮೇಲೆ ಸ್ಲೈಡ್ ರೂಲಿನ ಚರಿತ್ರೆ ಬರೆಯುವ ಹೊಣೆ ಯಾವ ವಿಶ್ವವಿದ್ಯಾಲಯದ ಮೇಲೂ ಇರಲಿಲ್ಲ. ಹವ್ಯಾಸಿಗಳು ಅದನ್ನು ಹೊತ್ತರು.

ಒಬ್ಬೊಬ್ಬರಾಗಿಯೂ ದೊಡ್ಡ ಕೆಲಸ ಮಾಡಿದವರಿದ್ದಾರೆ. ಆಕ್ಸ್‌ಫರ್ಡಿನ ವಿಜ್ಞಾನ ಇತಿಹಾಸದ ಮ್ಯೂಸಿಯಂ ಶುರುವಾದದ್ದು ಲೂಯಿಸ್ ಇವಾನ್ಸ್ ಎಂಬ ಸಂಗ್ರಾಹಕ 1924ರಲ್ಲಿ ಕೊಟ್ಟ ಸೂರ್ಯಗಡಿಯಾರ, ಆಸ್ಟ್ರೋಲೇಬುಗಳಿಂದ. ಕೇಂಬ್ರಿಜ್‌ನ ವಿಪಲ್ ಮ್ಯೂಸಿಯಂಗೆ ಬುನಾದಿ, ಉಪಕರಣ ತಯಾರಿಕಾ ಕಂಪನಿಯಲ್ಲೇ ಆಯುಷ್ಯ ಕಳೆದ ರಾಬರ್ಟ್ ವಿಪಲ್ 1944ರಲ್ಲಿ ಕೊಟ್ಟ ಸಂಗ್ರಹ. ಹಾರ್ವರ್ಡ್‌ನ ಕಥೆ ನಮಗೆ ಇನ್ನೂ ಹತ್ತಿರದ್ದು. ಪ್ರಯೋಗಾಲಯಗಳು ಬೇಡವೆಂದು ಮೂಲೆಗೆ ತಳ್ಳುತ್ತಿದ್ದ ಉಪಕರಣಗಳನ್ನು ಡೇವಿಡ್ ವೀಟ್‌ಲ್ಯಾಂಡ್ ಎಂಬಾತ ಒಂದೊಂದಾಗಿ ಉಳಿಸತೊಡಗಿದ. 1940ರ ದಶಕದ ಕೊನೆಯ ಹೊತ್ತಿಗೆ ಅದೇ ವಿಶ್ವವಿದ್ಯಾಲಯದ ಅಧಿಕೃತ ಸಂಗ್ರಹವಾಯಿತು. ಈ ಮೂವರ ವಸ್ತುಗಳೂ ಕೊನೆಗೆ ಓದುವ, ಕಲಿಸುವ ಜಾಗಕ್ಕೆ ಸೇರಿದವು ಎಂಬುದನ್ನು ಗಮನಿಸಿ.

ವಸ್ತುವಿಗಿಂತ ಅದರ ಜಾಡು ಏಕೆ ದೊಡ್ಡದು ಎನ್ನುವುದಕ್ಕೆ ಪರದೇಶದ ಉದಾಹರಣೆ ಬೇಕಾಗಿಲ್ಲ. ನಮ್ಮ ನೆಲದ ಮೇಲೇ ಓಡಾಡಿದ ಸರಪಳಿಯೊಂದನ್ನು ತೆಗೆದುಕೊಳ್ಳಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ದಕ್ಷಿಣ ಭಾರತದ ಸರ್ವೆಗೆ ಇಳಿದ ಬ್ರಿಟಿಷ್ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಮೀರಿದ ಆಧಾರರೇಖೆಯೊಂದನ್ನು ಅಳೆದ. ಅಳೆದದ್ದು ಜೆಸ್ಸಿ ರಾಮ್ಸ್‌ಡೆನ್ ಲಂಡನ್ನಿನಲ್ಲಿ ಮಾಡಿದ ನೂರಡಿಯ ಉಕ್ಕಿನ ಸರಪಳಿಯಿಂದ. ಎರಡೂವರೆ ಅಡಿಯ ನಲವತ್ತು ಕೊಂಡಿಗಳ ಆ ಸರಪಳಿ ಹೊರಟದ್ದು ಬೆಂಗಳೂರಿಗಲ್ಲ, ಪೀಕಿಂಗ್‌ಗೆ. 1793ರಲ್ಲಿ ಬ್ರಿಟನ್ನಿನ ಮೆಕಾರ್ಟ್ನಿ ನಿಯೋಗ ಚೀನಾದ ಚಕ್ರವರ್ತಿಗೆಂದು ಒಯ್ದ ಕಾಣಿಕೆಗಳಲ್ಲಿ ಅದೂ ಒಂದು. ಅಲ್ಲಿ ಅದಕ್ಕೆ ಆದರ ಸಿಗಲಿಲ್ಲ. ನಿಯೋಗದ ಜೊತೆಗಿದ್ದ ಡಿನ್‌ವಿಡ್ಡಿ ಎಂಬ ವಿದ್ವಾಂಸ ಅದನ್ನು ಕಲ್ಕತ್ತೆಗೆ ತಂದ, ಲ್ಯಾಂಬ್ಟನ್‌ಗೆ ಅದು ಅಲ್ಲಿಂದ ದಕ್ಕಿತು. ಈ ದಾರಿ ಗೊತ್ತಿಲ್ಲದವನ ಕೈಗೆ ಅದೇ ಸರಪಳಿ ಸಿಕ್ಕರೆ ಅದೊಂದು ತುಕ್ಕು ಹಿಡಿದ ಸರಪಳಿ. ಕಿಲೋಗೆ ಇಷ್ಟು ಎಂದು ತೂಗಿ ಕೊಡುತ್ತಾನೆ.

ಲ್ಯಾಂಬ್ಟನ್‌ನ ದೊಡ್ಡ ಥಿಯೊಡೊಲೈಟಿನ ಕಥೆ ಇದಕ್ಕಿಂತ ರೋಚಕ. ಲಂಡನ್ನಿನ ವಿಲಿಯಂ ಕ್ಯಾರಿ ಮಾಡಿದ್ದು. ಅಡ್ಡವೃತ್ತವೇ ಮೂವತ್ತಾರು ಇಂಚು, ತೂಕ ಸುಮಾರು ಅರ್ಧ ಟನ್. ಬರುವ ದಾರಿಯಲ್ಲಿ ಹಡಗು ಫ್ರೆಂಚರ ಕೈಗೆ ಸಿಕ್ಕು, ಉಪಕರಣ ಮಾರಿಷಸ್ ತಲುಪಿ, ಅಲ್ಲಿನ ಫ್ರೆಂಚ್ ಅಧಿಕಾರಿಗಳು ವಿಜ್ಞಾನದ ಸಾಮಾನು ಎಂದು ಮರ್ಯಾದೆಯಿಂದ ಮದ್ರಾಸಿಗೆ ಕಳಿಸಿಕೊಟ್ಟರು. 1808ರಲ್ಲಿ ತಂಜಾವೂರಿನ ಬೃಹದೀಶ್ವರ ದೇಗುಲದ ಮೇಲಕ್ಕೆ ಎಳೆಯುವಾಗ ಹಗ್ಗ ಹರಿದು ಅದು ಗೋಡೆಗೆ ಬಡಿಯಿತು, ವೃತ್ತ ಸೊಟ್ಟಗಾಯಿತು. ಲ್ಯಾಂಬ್ಟನ್ ಬಾಗಿಲು ಹಾಕಿಕೊಂಡು ಕುಶಲಕರ್ಮಿಗಳ ಜೊತೆ ಕೂತು ಅದನ್ನು ಬಿಚ್ಚಿ, ಸುಮಾರು ಆರು ವಾರ ಬೆಣೆ, ತಿರುಪು, ರಾಟೆಗಳಿಂದ ಮೆಲ್ಲಗೆ ಎಳೆದು ಮತ್ತೆ ದುಂಡಗೆ ಮಾಡಿದ. ಮುಂದೆ ಕಲ್ಕತ್ತೆಯಲ್ಲಿ ಅದು ಮತ್ತೊಮ್ಮೆ ರಿಪೇರಿ ಕಂಡು ಕೆಲಸಕ್ಕೆ ಮರಳಿತು. ಈ ಗಾಯಗಳೆಲ್ಲ ಬರೆದಿಟ್ಟಿದ್ದರಿಂದಲೇ ಇವತ್ತು ಆ ಯಂತ್ರದ ಎದುರು ನಿಂತವರಿಗೆ ಓದಲು ಏನೋ ಇದೆ. ನಿಮ್ಮ ಮನೆಯ ಥಿಯೊಡೊಲೈಟಿನ ಬಾಗಿದ ತಿರುಪಿಗೂ ಇಂಥದೊಂದು ಕಾರಣ ಇದ್ದಿರಬಹುದು. ಯಾರು ಬರೆದರು?

ಇದೇ ಸರ್ವೆಯಲ್ಲಿ ಹೆನ್ರಿ ಕೇಟರ್ ಎಂಬ ತರುಣನೊಬ್ಬ ಲ್ಯಾಂಬ್ಟನ್‌ಗೆ ಸಹಾಯಕನಾಗಿದ್ದ. ಬಿಎಸ್ಸಿಯಲ್ಲಿ ಭೌತಶಾಸ್ತ್ರ ಓದಿದವರಿಗೆಲ್ಲ ಕೇಟರ್ ಪೆಂಡ್ಯುಲಮ್ ಗೊತ್ತು, ಗುರುತ್ವವೇಗೋತ್ಕರ್ಷ ಕಂಡುಹಿಡಿಯಲು ಕತ್ತಿಯಂಚುಗಳನ್ನು ಸರಿಸಿ ಸರಿಸಿ ಸುಸ್ತಾದ ಪ್ರಯೋಗ. ಆ ಕೇಟರ್ ಇವನೇ. ಪೆಂಡ್ಯುಲಮ್ಮಿಗೂ ಮೊದಲು, ನಮ್ಮ ಸೀಮೆಯಲ್ಲಿದ್ದಾಗ ಅವನು ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ ಒಂದನ್ನು ಮಾಡಿದ. ಅದರ ಜೀವಾಳ ಮೈಸೂರು ಸೀಮೆಯ ಒಂದು ಹುಲ್ಲು. ನಮ್ಮವರು ಊಬಿನ ಹುಲ್ಲು ಎನ್ನುವ, ದನ ಮೇಯಿಸುವವರ ಪಂಚೆಗೆ ಚುಚ್ಚಿಕೊಳ್ಳುವ, ಸಸ್ಯಶಾಸ್ತ್ರಜ್ಞರು ಹೆಟೆರೊಪೋಗನ್ ಕಂಟಾರ್ಟಸ್ ಎಂದು ಕರೆಯುವ ಹುಲ್ಲು. ಅದರ ಊಬು ಒಣಗಿದಾಗ ಹುರಿಗೊಳ್ಳುತ್ತದೆ, ತೇವ ತಾಗಿದರೆ ಹುರಿ ಬಿಚ್ಚುತ್ತದೆ. ಆ ತಿರುಗುವಿಕೆಯನ್ನೇ ಮುಳ್ಳಿಗೆ ಕೊಟ್ಟು ಕೇಟರ್ ತೇವದ ಅಳತೆ ಓದಿದ. ಯುರೋಪಿನವರು ಆಗ ಇದೇ ಕೆಲಸಕ್ಕೆ ಮನುಷ್ಯರ ಕೂದಲು, ತಿಮಿಂಗಿಲದ ಬಾಯಿಯ ಬಲೀನ್ ಪಟ್ಟಿಯ ಎಳೆಗಳನ್ನು ಬಳಸುತ್ತಿದ್ದರು. ಇಂಥದೊಂದು ಹೈಗ್ರೋಮೀಟರ್ ನಿಮ್ಮ ಕೈಗೆ ಬಂದರೆ, ಮಧ್ಯದಲ್ಲಿ ಒಣಗಿ ಕೂತ ಹುಲ್ಲುಕಡ್ಡಿಯನ್ನು ಕಸ ಎಂದು ಊದಿ ತೆಗೆಯದವರು ಎಷ್ಟು ಜನ ಇದ್ದಾರು?

ಜಾಡಿನ ಬೆಲೆ ತೋರಿಸುವ ಇನ್ನೊಂದು ಉದಾಹರಣೆ ರಾಮನ್ ಅವರದು. 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ಸಿ.ವಿ. ರಾಮನ್ ತಮ್ಮ ಹೊಸ ವಿಕಿರಣದ ಬಗ್ಗೆ ಮಾತಾಡಿದರು. ಕಲ್ಕತ್ತೆಯಲ್ಲಿ ಆ ವಿಕಿರಣದ ರೋಹಿತವನ್ನು ಸೆರೆಹಿಡಿದದ್ದು ಲಂಡನ್ನಿನ ಹಿಲ್ಗರ್ ಕಂಪನಿಯ ಪುಟ್ಟ ಕ್ವಾರ್ಟ್ಸ್ ರೋಹಿತಲೇಖಕ. ಹಿಲ್ಗರ್ ಅಂಥವನ್ನು ಒಂದೇ ಒಂದು ಮಾಡಿ ನಿಲ್ಲಿಸಲಿಲ್ಲ, ಮಾರಾಟಕ್ಕೆಂದು ಮಾಡಿತು. ಲೋಹ, ಗಾಜು, ಅಳತೆ ಎಲ್ಲ ಒಂದೇ ಆಗಿರುವ ಎರಡು ರೋಹಿತಲೇಖಕಗಳಲ್ಲಿ ನೊಬೆಲ್ ತಂದದ್ದು ಯಾವುದು ಎಂದು ಹೇಳುವುದು ಕ್ರಮಸಂಖ್ಯೆ ಮತ್ತು ಅದನ್ನು ಬರೆದಿಟ್ಟ ಕಾಗದ. ಕಾಗದ ಕಳೆದರೆ ಎರಡಕ್ಕೂ ಒಂದೇ ರೇಟು.

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಕರ್ನಾಟಕದ ಹಳೆಯ ಸರ್ಕಾರಿ, ಅನುದಾನಿತ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಡೆಡ್ ಸ್ಟಾಕ್ ರಿಜಿಸ್ಟರ್ ಎಂಬ ದಪ್ಪ ಪುಸ್ತಕ ಇರುತ್ತದೆ. ಉಪಕರಣ ಯಾವ ವರ್ಷ ಬಂತು, ಯಾವ ಕಂಪನಿಯಿಂದ ಬಂತು, ಎಷ್ಟು ರೂಪಾಯಿ ಎಷ್ಟು ಆಣೆ, ಕೊನೆಗೆ ಯಾವಾಗ ‘ರೈಟ್ ಆಫ್’ ಆಯಿತು ಎಂದು ಅದರಲ್ಲಿ ಕೈಬರಹದಲ್ಲಿ ಇರುತ್ತದೆ. ಆ ಪುಟದ ಸಂಖ್ಯೆಯನ್ನೇ ಉಪಕರಣದ ಬುಡದಲ್ಲೋ ಪೆಟ್ಟಿಗೆಯ ಪಕ್ಕದಲ್ಲೋ ಬಿಳಿ, ಕೆಂಪು ಬಣ್ಣದಲ್ಲಿ ಬರೆದಿರುತ್ತಾರೆ. ಹರಾಜು ಆದಾಗ ಉಪಕರಣ ಒಬ್ಬ ಗುಜರಿಯವನಿಗೆ ಹೋಗುತ್ತದೆ, ರಿಜಿಸ್ಟರು ಹಳೇ ಪೇಪರಿನ ಜೊತೆ ಇನ್ನೊಬ್ಬನಿಗೆ. ನಾವು ಉಪಕರಣ ಕೊಂಡು ಮನೆಗೆ ತಂದು ಮಾಡುವ ಮೊದಲ ಕೆಲಸ ಏನು? ಥಿನ್ನರ್ ಹಾಕಿ ಆ ಬಣ್ಣದ ಸಂಖ್ಯೆಯನ್ನು ಒರೆಸುವುದು. ಉಪಕರಣಕ್ಕೂ ಅದರ ಊರಿಗೂ ಉಳಿದಿದ್ದ ಕೊನೆಯ ಸಂಬಂಧ ಅಲ್ಲಿಗೆ ಮುಗಿಯಿತು. ಗುಜರಿಯವನಿಗೆ ಗೊತ್ತಿರಲಿಲ್ಲ ಎನ್ನಬಹುದು. ನಮಗೆ?

ಎರಡನೆಯ ಕೆಲಸ ತಿಕ್ಕುವುದು. ಹುಣಸೆಹಣ್ಣಿನಿಂದ ಹಿಡಿದು ಪೇಟೆಯಲ್ಲಿ ಸಿಗುವ ಪಾಲಿಶ್‌ವರೆಗೆ ಎಲ್ಲ ಪ್ರಯೋಗ ಆಗುತ್ತದೆ, ದೇವರ ಮನೆಯ ದೀಪದ ಕಂಬದಂತೆ ಹೊಳೆದರೆ ತೃಪ್ತಿ. ಆದರೆ 19ನೇ ಶತಮಾನದ ಒಳ್ಳೆಯ ಉಪಕರಣಗಳನ್ನು ಹಾಗೆ ಹೊಳೆಯಲು ಮಾಡಿರಲಿಲ್ಲ. ಹಿತ್ತಾಳೆಯನ್ನು ಬಿಸಿ ಮಾಡಿ ಅದರ ಮೇಲೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ತೆಳ್ಳಗೆ ಸವರುತ್ತಿದ್ದರು. ಆ ಹೊನ್ನಿನ ಬಣ್ಣದ ಲೇಪ ಕಿಲುಬನ್ನೂ ತಡೆಯುತ್ತಿತ್ತು, ಕಣ್ಣಿಗೆ ಹೊಡೆಯುವ ಮಿಂಚನ್ನೂ ತಗ್ಗಿಸುತ್ತಿತ್ತು. ಲಂಡನ್ನಿನ ಕಾರ್ಖಾನೆಗಳಿಗೆ ಆ ಅರಗು ಹೋಗುತ್ತಿದ್ದದ್ದು ಹೆಚ್ಚಾಗಿ ಭಾರತದ ಕಾಡುಗಳಿಂದ. ಚನ್ನಪಟ್ಟಣದ ಗೊಂಬೆಗೆ ಮೆರುಗು ಕೊಡುವ ಅದೇ ಅರಗು. ಒಮ್ಮೆ ತಿಕ್ಕಿ ತೆಗೆದರೆ ತಯಾರಕ ಕೊಟ್ಟ ಮೈ ಹೋಯಿತು. ಜೋರಾಗಿ ತಿಕ್ಕಿದರೆ ಅಳತೆಯ ಸಣ್ಣ ಗೀಟುಗಳೂ ಸವೆಯುತ್ತವೆ. ಮೆತ್ತನೆಯ ಒಣ ಬಟ್ಟೆ, ಮೆತ್ತನೆಯ ಕುಂಚ ಸಾಕು. ಹೊಳೆಯುವ ಹಿತ್ತಾಳೆ ಬೇಕಿದ್ದರೆ ಪಾತ್ರೆ ಅಂಗಡಿಯಲ್ಲಿ ಧಾರಾಳವಾಗಿ ಸಿಗುತ್ತದೆ.

ಹೊಳಪಿನ ಮೋಹದಿಂದಲೇ ಬದುಕುವ ಇನ್ನೊಂದು ಲೋಕವೂ ಇದೆ, ನಕಲಿಯದು. ರೂರ್ಕಿ ಸುತ್ತಮುತ್ತ ಹಡಗಿನ ಹಳೆಯ ಉಪಕರಣಗಳ ಮಾದರಿಗಳನ್ನು ಅಲಂಕಾರಕ್ಕೆಂದು ಮಾಡುವ ದೊಡ್ಡ ಉದ್ಯಮವಿದೆ. ಅವರು ಮಾಡುವುದು ಒಡವೆಯಂಥ ಸಾಮಾನು, ಅದರಲ್ಲಿ ತಪ್ಪಿಲ್ಲ. ಅದನ್ನೇ ಹಳೆಯದೆಂದು ಮಾರುವವರದು ಮೋಸ. ಒಂದು ಗುರುತು ನೆನಪಿಡಿ: ‘ಕೆಲ್ವಿನ್ ಆ್ಯಂಡ್ ಹ್ಯೂಸ್, ಲಂಡನ್, 1917’ ಎಂದು ಕೆತ್ತಿದ ಸೆಕ್ಸ್‌ಟೆಂಟ್ ಸಿಕ್ಕರೆ ಕೈ ಮುಗಿದು ಬನ್ನಿ. ಕೆಲ್ವಿನ್, ಹ್ಯೂಸ್ ಎರಡೂ ಬೇರೆ ಬೇರೆ ಕಂಪನಿಗಳಾಗಿದ್ದವು. ಅವು ಸೇರಿ ಆ ಹೆಸರಿನ ಕಂಪನಿಯಾದದ್ದು 1940ರ ದಶಕದಲ್ಲಿ. ಇಂಥ ಗುರುತುಗಳು ಒಬ್ಬೊಬ್ಬರಿಗೆ ಒಂದೊಂದು ಗೊತ್ತಿವೆ, ಎಲ್ಲರಿಗೂ ಎಲ್ಲವೂ ಗೊತ್ತಿಲ್ಲ. ಮೋಸ ಹೋದವರು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ, ಅದೇ ವ್ಯಾಪಾರಿ ಅದೇ ವಸ್ತುವನ್ನು ಮುಂದಿನ ಊರಿನಲ್ಲಿ ಮಾರುತ್ತಾನೆ. ದಫ್ತರ ಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಹೆಸರುಗಳ ವಿಷಯದಲ್ಲಿ ನಮ್ಮದೇ ಒಂದು ತೊಡಕಿದೆ. ಕೆತ್ತಿದ ಹೆಸರು ಯಾವಾಗಲೂ ತಯಾರಕನದಲ್ಲ, ಮದ್ರಾಸಿನ ಪಿ. ಓರ್, ಬೊಂಬಾಯಿಯ ಲಾರೆನ್ಸ್ ಆ್ಯಂಡ್ ಮೇಯೊ ಥರದ ಮಾರಾಟಗಾರರದೂ ಇರಬಹುದು. ಎಂ.ಐ.ಓ. ಎಂಬ ಮೂರಕ್ಷರದ ಮುದ್ರೆ ಕಂಡರೆ ಅದು ಕಲ್ಕತ್ತೆಯ ಮ್ಯಾಥಮ್ಯಾಟಿಕಲ್ ಇನ್‌ಸ್ಟ್ರುಮೆಂಟ್ ಆಫೀಸಿನದು. 1830ರಲ್ಲಿ ಶುರುವಾದ, ಸರ್ಕಾರಿ ಇಲಾಖೆಗಳಿಗೆ ಉಪಕರಣ ಒದಗಿಸಿ ರಿಪೇರಿ ಮಾಡುತ್ತಿದ್ದ ಈ ಕಚೇರಿಯೇ ಸ್ವಾತಂತ್ರ್ಯದ ನಂತರ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಆಯಿತು. ಲಂಡನ್ನಿನ ತಯಾರಕರಿಗೆ ದಪ್ಪ ದಪ್ಪ ಡೈರೆಕ್ಟರಿಗಳಿವೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ತಕ್ಕಡಿ ಮಾಡಿದವರು, ಬ್ಯಾರೋಮೀಟರ್ ತುಂಬಿದವರು, ಮಸೂರ ಉಜ್ಜಿದವರು ಯಾರು ಎಂಬುದಕ್ಕೆ ನಾವು ತೆರೆಯಬಹುದಾದ ಪುಸ್ತಕ ಯಾವುದು?

ಆದ್ದರಿಂದ ಸಂಘದ ಬಾಗಿಲನ್ನು ಮೊದಲು ತೆರೆಯಬೇಕಾದದ್ದು ಮೆಕ್ಯಾನಿಕ್‌ಗಳಿಗೆ, ಲ್ಯಾಬ್ ಅಟೆಂಡರ್‌ಗಳಿಗೆ. ಇದನ್ನು ಉಪಕಾರವೆಂದು ತಿಳಿಯಬೇಡಿ, ಚರಿತ್ರೆಯೇ ಹಾಗಿದೆ. ಲ್ಯಾಂಬ್ಟನ್ ಶುರುಮಾಡಿದ ಭಾರತದ ಮಹಾ ತ್ರಿಕೋನಮಿತಿ ಸರ್ವೆಯ ಯಂತ್ರಗಳನ್ನು ನಡೆಸಿದ ಕೈಗಳಲ್ಲಿ ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನರದು ದೊಡ್ಡ ಕೈ. ಇಂಗ್ಲೆಂಡಿನಿಂದ ಬಂದ ಉಪಕರಣ ತಯಾರಕ ಹೆನ್ರಿ ಬ್ಯಾರೋ ಹೋದ ಮೇಲೆ ಆ ಸ್ಥಾನಕ್ಕೆ ಬಂದವರು ಅವರು, ಸರ್ವೆಯ ಮುಖ್ಯಸ್ಥ ಜಾರ್ಜ್ ಎವರೆಸ್ಟ್ ಅವರ ಬೆಂಬಲಕ್ಕೆ ನಿಂತಿದ್ದ. ಶಿಖರಕ್ಕೆ ಎವರೆಸ್ಟ್ ಹೆಸರು ಬಂತು. ಶಿಖರ ಅಳೆದ ಇಲಾಖೆಯ ಯಂತ್ರಗಳನ್ನು ಸರಿಯಾಗಿ ಇಟ್ಟವರ ಹೆಸರು ಎಷ್ಟು ಜನಕ್ಕೆ ಗೊತ್ತು? ಇವತ್ತು ನಮ್ಮ ಕಾಲೇಜುಗಳಲ್ಲಿ ಮೂವತ್ತು ವರ್ಷ ಗ್ಯಾಲ್ವನೋಮೀಟರಿನ ಎಳೆ ಕಟ್ಟಿ ನಿವೃತ್ತರಾದವರ ಹೆಸರು ಇನ್ನೂ ಕಡಿಮೆ ಜನಕ್ಕೆ ಗೊತ್ತು. ಯಾವ ಸ್ಪೆಕ್ಟ್ರೋಮೀಟರ್ ಯಾವ ಮೇಷ್ಟ್ರ ಕಾಲದ್ದು, ಯಾವುದರ ಪ್ರಿಸಂ ಬದಲಾಗಿದೆ, ಯಾವುದನ್ನು ಯಾರು ಬೀಳಿಸಿದರು, ಅವರಿಗೆ ಬಾಯಿಪಾಠ. ಪ್ರೊಫೆಸರರ ಭಾಷಣ ಆಮೇಲೆ ಇಟ್ಟುಕೊಳ್ಳೋಣ, ಮೊದಲು ಅವರನ್ನು ಕೂರಿಸಿ ಮಾತಾಡಿಸಿ ಬರೆದುಕೊಳ್ಳೋಣ.

ಹಳೆಯ ಉಪಕರಣದ ಜಾಡು ಬರಿಯ ಕುತೂಹಲದ ಸಂಗತಿ ಎನ್ನುವವರಿಗೆ ಕೊಡೈಕನಾಲ್ ಉತ್ತರ ಕೊಡುತ್ತದೆ. ಪ್ಯಾರಿಸ್ಸಿನ ಲೆರೆಬೂರ್ ಮತ್ತು ಸೆಕ್ರೆಟಾನ್ 1850ರಲ್ಲಿ ಮಾಡಿದ ಆರಿಂಚಿನ ದೂರದರ್ಶಕವೊಂದು ಮದ್ರಾಸ್ ವೀಕ್ಷಣಾಲಯಕ್ಕೆ ಬಂತು, 1898ರಲ್ಲಿ ಡಬ್ಲಿನ್ನಿನ ಗ್ರಬ್ ಕೈಯಲ್ಲಿ ಹೊಸ ರೂಪ ಪಡೆಯಿತು, ಆಮೇಲೆ ಕೊಡೈಕನಾಲ್ ಬೆಟ್ಟದ ಮೇಲೆ ಸೂರ್ಯನ ಚಿತ್ರ ತೆಗೆಯಲು ನಿಂತಿತು. ಅಲ್ಲಿ 1904ರಿಂದ ಬಿಸಿಲಿರುವ ದಿನಗಳಲ್ಲಿ ಸೂರ್ಯನ ಚಿತ್ರ ತೆಗೆಯುತ್ತ ಬಂದಿದ್ದಾರೆ. ಆ ಫಲಕಗಳನ್ನೆಲ್ಲ ಈಗ ಡಿಜಿಟಲ್ ಮಾಡಿ, ನೂರು ವರ್ಷದ ಸೌರಕಲೆಗಳ ಏರಿಳಿತವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರೂ ಹೊರದೇಶದವರೂ ಅಧ್ಯಯನ ಮಾಡುತ್ತಾರೆ. ಯಾವ ವರ್ಷ ಯಾವ ಮಸೂರ ಇತ್ತು, ಯಾವಾಗ ಬದಲಾಯಿತು ಎಂದು ತಿಳಿಯದಿದ್ದರೆ, ಕಲೆ ದೊಡ್ಡದಾದದ್ದು ಸೂರ್ಯನಲ್ಲೋ ಗಾಜಿನಲ್ಲೋ ಎಂದು ಹೇಳುವುದು ಹೇಗೆ? ಹಳೆಯ ಮಳೆಮಾಪಕ, ಥರ್ಮಾಮೀಟರ್, ಬ್ಯಾರೋಮೀಟರುಗಳ ಮಾತೂ ಇದೇ. ಇವತ್ತಿನ ಹವಾಮಾನದ ಲೆಕ್ಕ ನಿಂತಿರುವುದು ಅವುಗಳು ಕೊಟ್ಟ ಅಂಕಿಗಳ ಮೇಲೆ.

ನಮ್ಮ ಸಂಗ್ರಹದ ರುಚಿಯ ಬಗ್ಗೆಯೂ ಒಂದು ಮಾತು. ಲಂಡನ್ ಎಂದು ಕೆತ್ತಿದ ಹಿತ್ತಾಳೆಗೆ ಮುಗಿಬೀಳುವ ನಾವು, ಅಜ್ಜಿಯ ಮನೆಯ ಅಟ್ಟದ ಮೇಲಿನ ಘಳಿಗೆ ಬಟ್ಟಲನ್ನು ಕೈಬಿಟ್ಟಿದ್ದೇವೆ. ತಳದಲ್ಲಿ ಸೂಜಿ ಮೊನೆಯಷ್ಟು ತೂತಿರುವ ತಾಮ್ರದ ಬಟ್ಟಲು, ನೀರಿನ ಮೇಲೆ ತೇಲಿಬಿಟ್ಟರೆ 24 ನಿಮಿಷಕ್ಕೆ ಮುಳುಗಬೇಕು. ಮದುವೆಯ ಮುಹೂರ್ತವನ್ನು ಅದು ಕಾಯುತ್ತಿತ್ತು. ಗಡಿಯಾರ ಬಂದ ಮೇಲೆ ಅದು ತೂತು ಬಿದ್ದ ಪಾತ್ರೆಯಾಗಿ ಹಳೆ ಪಾತ್ರೆಯವನ ಬುಟ್ಟಿಗೆ ಹೋಯಿತು. ಭಾರತದ ಖಗೋಳ ಉಪಕರಣಗಳನ್ನು ದೇಶವಿದೇಶದ ಸಂಗ್ರಹಗಳಲ್ಲಿ ಹುಡುಕಿ ವಿವರಣಾತ್ಮಕ ಸೂಚಿ ಮಾಡಿದ ಎಸ್.ಆರ್. ಶರ್ಮರ ಕೆಲಸ ನೋಡಿ: ಬರೆದಿಡುವುದೇ ಹೇಗೆ ಸಂಶೋಧನೆಯಾಗುತ್ತದೆ ಎಂದು ತಿಳಿಯುತ್ತದೆ. ಇನ್ನೊಂದು ಕಡೆ, ಹಿತ್ತಾಳೆಯಲ್ಲದ ಕಾರಣಕ್ಕೇ ಬೇಕೆಲೈಟಿನ ಮೀಟರುಗಳು, ವಾಲ್ವುಗಳ ಕೌಂಟರುಗಳು, ಇಲ್ಲಿನ ವರ್ಕ್‌ಶಾಪಿನಲ್ಲೇ ಕೈಯಾರೆ ಕಟ್ಟಿದ ಪೆಟ್ಟಿಗೆಗಳು ಕಸಕ್ಕೆ ಹೋಗುತ್ತಿವೆ. 1965ರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳ ಸುಳಿವು ಸಿಕ್ಕಿದ್ದು ನುಣುಪಾದ ಹಿತ್ತಾಳೆಯ ಯಂತ್ರದಲ್ಲಲ್ಲ. ನಾಳೆಯವರು ನಮ್ಮನ್ನು ಕೇಳುವುದು ಇಂಥ ಪೆಟ್ಟಿಗೆಗಳನ್ನೇ.

ಕಾನೂನು ಮತ್ತು ಆರೋಗ್ಯದ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ. 1972ರ ಪ್ರಾಚೀನ ವಸ್ತು ಮತ್ತು ಕಲಾ ಸಂಪತ್ತು ಕಾಯ್ದೆಯಲ್ಲಿ ನೂರು ವರ್ಷ ದಾಟಿದ, ಗತಕಾಲದ ವಿಜ್ಞಾನವನ್ನು ತೋರಿಸುವ ವಸ್ತುವೂ ಪ್ರಾಚೀನ ವಸ್ತುವೇ. ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಪಾದರಸದ ಬ್ಯಾರೋಮೀಟರನ್ನು ಮಲಗಿಸಿ ಬಸ್ಸಿನ ಡಿಕ್ಕಿಯಲ್ಲಿ ತರಬೇಡಿ, ಚೆಲ್ಲಿದ ಪಾದರಸವನ್ನು ಮಕ್ಕಳಿಗೆ ಆಡಲು ಕೊಡಬೇಡಿ. ಕತ್ತಲಲ್ಲಿ ಹೊಳೆಯುತ್ತಿದ್ದ ಹಳೆಯ ಡಯಲುಗಳ ಮೇಲೆ ರೇಡಿಯಂ ಬಣ್ಣ ಇರಬಹುದು. ಹೊಳಪು ನಿಂತದ್ದು ಅದರಲ್ಲಿನ ಸತುವಿನ ಸಲ್ಫೈಡ್ ಕೆಟ್ಟಿದ್ದರಿಂದ. ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷ, ಅದು ಇನ್ನೂ ಅಲ್ಲೇ ಇದೆ. ಕೆರೆಯಬೇಡಿ.

ಈ ಪತ್ರ ಓದಿ ನಿಮ್ಮಲ್ಲಿ ಕೆಲವರು ಏನು ಹೇಳುತ್ತೀರಿ ಎಂದು ಊಹಿಸಬಲ್ಲೆ. ‘ಪಟ್ಟಿ ಮಾಡಿದರೆ ಕಳ್ಳರಿಗೆ ದಾರಿ ತೋರಿಸಿದಂತೆ’ ಎನ್ನುತ್ತೀರಿ. ದಫ್ತರದಲ್ಲಿ ಮಾಲೀಕರ ಹೆಸರು, ವಿಳಾಸ ಬೇಕಾಗಿಲ್ಲ. ಉಪಕರಣದ ಚರಿತ್ರೆ ಸಾಕು, ಮಾಲೀಕರ ಗುರುತು ಸಂಘದ ಕಾರ್ಯದರ್ಶಿಯ ಬಳಿ ಮುಚ್ಚಿದ ಲಕೋಟೆಯಲ್ಲಿರಲಿ. ‘ಎಲ್ಲಿ ಕೊಂಡೆ ಎಂದು ಹೇಳಿದರೆ ನಾಳೆ ಬೇರೆಯವರು ಅಲ್ಲಿಗೆ ಹೋಗುತ್ತಾರೆ’ ಎನ್ನುತ್ತೀರಿ. ಹೋಗಲಿ. ಗುಜರಿಯವನ ಕುಲುಮೆಗಿಂತ ಮೊದಲು ಇನ್ನೊಬ್ಬ ಸಂಗ್ರಾಹಕ ತಲುಪಿದರೆ ನಮಗೆ ನಷ್ಟವೇನು? ‘ಕಾಲೇಜಿನವರೇ ಬಿಸಾಡುತ್ತಾರೆ, ನಾವು ಉಳಿಸಿದೆವು’ ಎನ್ನುತ್ತೀರಿ. ನಿಜ. ಆದರೆ ಬಿಸಾಡುವ ಮೊದಲೇ ಹೋಗಿ, ಇದನ್ನು ಇಲ್ಲೇ ಒಂದು ಕಪಾಟಿನಲ್ಲಿ ಇಡಿ, ಪಟ್ಟಿ ನಾವು ಮಾಡಿಕೊಡುತ್ತೇವೆ ಎಂದು ಪ್ರಾಂಶುಪಾಲರಿಗೆ ಹೇಳುವ ಸಂಗ್ರಾಹಕ ನಮಗೆ ಬೇಕು. ಬಳಸಿದ ಜಾಗದಲ್ಲೇ ಉಳಿದ ಉಪಕರಣಕ್ಕೆ ಸಮ ಯಾವುದೂ ಇಲ್ಲ. ಕೊಳ್ಳುವುದು ಎರಡನೆಯ ದಾರಿಯಾಗಿರಲಿ.

ಮತ್ತೊಂದು ಮಾತು ಹೇಳಲು ಕಷ್ಟ, ಹೇಳದಿದ್ದರೆ ಇನ್ನೂ ಕಷ್ಟ. ನಮ್ಮಲ್ಲಿ ಹೆಚ್ಚಿನವರಿಗೆ ವಯಸ್ಸಾಗಿದೆ. ನಮ್ಮ ಮಕ್ಕಳಿಗೆ ಈ ಸಾಮಾನುಗಳ ಬೆಲೆ ಗೊತ್ತಿಲ್ಲದಿರುವುದು ಅವರ ತಪ್ಪಲ್ಲ, ನಾವು ಏನೂ ಬರೆದಿಟ್ಟಿಲ್ಲ. ಪ್ರತಿ ಉಪಕರಣದ ಪೆಟ್ಟಿಗೆಯೊಳಗೆ ಒಂದು ಕಾಗದ ಇಡಿ. ಹೆಸರು, ತಯಾರಕ, ಕ್ರಮಸಂಖ್ಯೆ, ಅಳತೆ, ಹಳೆಯ ಸ್ಟಾಕ್ ಸಂಖ್ಯೆ, ಎಲ್ಲಿ ಯಾವಾಗ ಯಾರಿಂದ ಕೊಂಡದ್ದು, ಏನು ರಿಪೇರಿ ಆಗಿದೆ, ನನ್ನ ನಂತರ ಇದು ಎಲ್ಲಿಗೆ ಹೋಗಬೇಕು. ಒಂದು ಪುಟ ಸಾಕು. ಮೊಬೈಲಿನಲ್ಲಿ ನಾಲ್ಕು ಮಗ್ಗುಲ ಫೋಟೊ, ಪೆಟ್ಟಿಗೆಯ ಒಳಮುಚ್ಚಳದಲ್ಲಿ ಅಂಟಿಸಿದ ಚೀಟಿಯದೊಂದು ಫೋಟೊ ಜೊತೆಗಿರಲಿ. ಉಪಕರಣವನ್ನು ಪೆಟ್ಟಿಗೆಯಿಂದ ಬೇರೆ ಮಾಡಿ ಮಾರಬೇಡಿ, ಕೊಳ್ಳಬೇಡಿ.

ಸಂಘಕ್ಕೆ ಕಟ್ಟಡ ಬೇಡ, ಬ್ಯಾನರ್ ಬೇಡ. ಅಧ್ಯಕ್ಷರು ಯಾರು ಎಂಬ ಜಗಳವನ್ನು ಒಂದು ವರ್ಷ ಮುಂದೂಡೋಣ. ನನ್ನ ಸಲಹೆ ಇಷ್ಟೇ: ಸದಸ್ಯತ್ವದ ಶುಲ್ಕ ಹಣವಲ್ಲ, ಒಂದು ಉಪಕರಣದ ಪೂರ್ಣ ವಿವರ. ಅದು ನಿಮ್ಮದೇ ಆಗಬೇಕೆಂದಿಲ್ಲ. ನೀವು ಓದಿದ ಕಾಲೇಜಿನದು, ನಿಮ್ಮೂರಿನ ಹೈಸ್ಕೂಲಿನದು, ಪಕ್ಕದ ಮನೆಯ ನಿವೃತ್ತ ಸರ್ವೆಯರರದು ಯಾವುದಾದರೂ ಆಗಬಹುದು. ಅದಕ್ಕೊಂದು ದಿನವೂ ಸಿದ್ಧವಾಗಿದೆ. ಆಯುಧಪೂಜೆಯಂದು ನಮ್ಮ ಪ್ರಯೋಗಾಲಯಗಳಲ್ಲಿ ವರ್ಷವಿಡೀ ಬೀಗ ಹಾಕಿದ ಕಪಾಟುಗಳು ತೆರೆಯುತ್ತವೆ, ಉಪಕರಣಗಳು ಮೇಜಿನ ಮೇಲೆ ಸಾಲಾಗಿ ಕೂರುತ್ತವೆ, ಅಟೆಂಡರು, ಮೇಷ್ಟ್ರು, ಹಳೆಯ ವಿದ್ಯಾರ್ಥಿಗಳು ಎಲ್ಲ ಅಲ್ಲೇ ಇರುತ್ತಾರೆ. ಈ ಬಾರಿ ಚರುಪು ತಿನ್ನಲು ಹೋಗುವಾಗ ಒಂದು ನೋಟ್ ಪುಸ್ತಕ, ಒಂದು ಅಳತೆಪಟ್ಟಿ ಹಿಡಿದು ಹೋಗಿ. ಕುಂಕುಮ ಕೆತ್ತನೆಯ ಮೇಲೆ ಬೀಳದಂತೆ ಒಂದು ಮಾತು ಹೇಳಿ. ಡೆಡ್ ಸ್ಟಾಕ್ ರಿಜಿಸ್ಟರ್ ಎಲ್ಲಿದೆ ಎಂದು ಕೇಳಿ, ಸಿಕ್ಕರೆ ಪುಟಪುಟದ ಫೋಟೊ ತೆಗೆದುಕೊಳ್ಳಿ. ಸಂಜೆಗೆ ನಿಮ್ಮ ಶುಲ್ಕ ಸಂದಾಯವಾಗಿರುತ್ತದೆ, ಸಂಘ ಶುರುವಾಗಿರುತ್ತದೆ.

ಇಂತಿ,
ನಿಮ್ಮೊಳಗೊಬ್ಬ ಸಂಗ್ರಾಹಕ